ಕ್ಯಾಮೆರಾ ಹಿಡಿದು ಕಾದವರು: ಎಂ. ಕೃಷ್ಣನ್

ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಬಂಡೀಪುರವನ್ನು ದಾಟಿದ ಮೇಲೆ ಕೆಕ್ಕನಹಳ್ಳದ ತಪಾಸಣಾ ಠಾಣೆ ಬರುತ್ತದೆ. ಅಲ್ಲಿಗೆ ಕರ್ನಾಟಕ ಮುಗಿದು ತಮಿಳುನಾಡು ಆರಂಭವಾಗುತ್ತದೆ. ಬಂಡೀಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಕಾಡು ಅಲ್ಲಿಂದ ಮುಂದೆ ಮುದುಮಲೆಯೆನಿಸಿಕೊಳ್ಳುತ್ತದೆ. ಪಶ್ಚಿಮಕ್ಕೆ ಹೊರಳಿದರೆ ಅದೇ ಕಾಡು ವಯನಾಡಿನ ಮುತ್ತಂಗದವರೆಗೂ ಹಬ್ಬಿದೆ. ಫಲಕಗಳ ಮೇಲಿನ ಲಿಪಿ ಬದಲಾಗುತ್ತದೆ, ಮರಗಳು ಬದಲಾಗುವುದಿಲ್ಲ. ಬೇಸಿಗೆಯಲ್ಲಿ ನೀರನ್ನರಸಿ ಹೊರಡುವ ಆನೆಯ ಹಿಂಡು ಮೂರು ರಾಜ್ಯಗಳ ಎಲ್ಲೆಯನ್ನು ದಾಟುತ್ತದೆ, ದಾಟಿದೆನೆಂಬ ಅರಿವು ಅದಕ್ಕಿಲ್ಲ.

ಈ ಕಾಡುಗಳಲ್ಲಿ ಅನೇಕ ವರ್ಷಗಳ ಕಾಲ ಕ್ಯಾಮೆರಾ ಹೊತ್ತು ತಿರುಗಿ, ಆನೆ, ಕಾಟಿ, ಜಿಂಕೆ, ಹಕ್ಕಿಗಳನ್ನು ಕಪ್ಪುಬಿಳುಪಿನ ಚಿತ್ರಗಳಲ್ಲಿ ಸೆರೆಹಿಡಿದವರು ಎಂ. ಕೃಷ್ಣನ್. ಅವರು ಕನ್ನಡಿಗರಲ್ಲ, ಹುಟ್ಟಿನಿಂದ ತಮಿಳರು, ಬರೆದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಜೊತೆಗೆ ತಮಿಳಿನಲ್ಲಿ. ಆದರೂ ಅವರ ಜೀವನದ ಒಂದು ಮುಖ್ಯ ಕಾಲ ಕಳೆದದ್ದು ಕನ್ನಡದ ಸಂಡೂರಿನಲ್ಲಿ, ಮತ್ತೊಂದು ಭಾಗ ನಮ್ಮ ಅನೇಕ ಓದುಗರ ಮನೆಯ ಹಿತ್ತಲಿನಂತಿರುವ ನೀಲಗಿರಿಯ ಬುಡದ ಕಾಡುಗಳಲ್ಲಿ. ಮಕ್ಕಳ ಕೈಗೆ ಡಿಜಿಟಲ್ ಕ್ಯಾಮೆರಾ, ಮೊಬೈಲು ಸುಲಭವಾಗಿ ಬಂದಿರುವ ಈ ಕಾಲದಲ್ಲಿ ಅವರ ಬದುಕನ್ನು ನಮ್ಮ ಗಡಿನಾಡಿನ ಕನ್ನಡ ಶಾಲೆಗಳ ಕುಟುಂಬಗಳ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಕೃಷ್ಣನ್ ಹುಟ್ಟಿದ್ದು 1912ರ ಜೂನ್ 30ರಂದು, ತಿರುನೆಲ್ವೇಲಿಯಲ್ಲಿ. ಎಂಟು ಮಕ್ಕಳಲ್ಲಿ ಅವರೇ ಕಿರಿಯರು. ತಂದೆ ಎ. ಮಾಧವಯ್ಯನವರು ತಮಿಳಿನ ಆರಂಭ ಕಾಲದ ಕಾದಂಬರಿಕಾರರಲ್ಲಿ ಒಬ್ಬರು. ಮದರಾಸು ಸರಕಾರದ ಉಪ್ಪು ಮತ್ತು ಅಬಕಾರಿ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು. ಅವಧಿಗೆ ಮುಂಚೆಯೇ ನಿವೃತ್ತಿ ಪಡೆದು, ಸ್ವಂತ ಮುದ್ರಣಾಲಯ ಸ್ಥಾಪಿಸಿ, ಪತ್ರಿಕೆಯೊಂದನ್ನು ಹೊರಡಿಸಿದರು. 1925ರಲ್ಲಿ ಅವರು ತೀರಿಕೊಂಡಾಗ ಕೃಷ್ಣನ್ನರಿಗೆ ಹದಿಮೂರು ವರ್ಷ. ಹಿರಿಯಕ್ಕ ಲಕ್ಷ್ಮಿಯವರ ಆಸರೆಯಲ್ಲಿ ಹುಡುಗ ಬೆಳೆದ.

ಕುಟುಂಬವಿದ್ದದ್ದು ಮದರಾಸಿನ ಮೈಲಾಪುರದಲ್ಲಿ. ಇಂದು ಮನೆಗೆ ಮನೆ ಅಂಟಿಕೊಂಡಿರುವ ಆ ಬಡಾವಣೆಯ ಆಸುಪಾಸಿನಲ್ಲಿ ಆಗ ಕುರುಚಲು ಬಯಲಿತ್ತು, ನರಿಗಳಿದ್ದವು, ಕೃಷ್ಣಮೃಗಗಳಿದ್ದವು, ಬಗೆಬಗೆಯ ಹಕ್ಕಿಗಳಿದ್ದವು. ಹುಡುಗ ಮುಂಗುಸಿಯೊಂದನ್ನು ಸಾಕಿಕೊಂಡಿದ್ದ. ದೂರದ ಕಾಡಿಗೆ ಹೋಗುವುದಕ್ಕೆ ಬಹಳ ಮುಂಚೆಯೇ ಮನೆಯಂಗಳದಾಚೆಯ ಬಯಲಿನಲ್ಲಿ ಅವನ ಪಾಠ ಆರಂಭವಾಗಿತ್ತು.

1927ರಲ್ಲಿ ಕೃಷ್ಣನ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಅಲ್ಲಿ ಸಸ್ಯಶಾಸ್ತ್ರ ಬೋಧಿಸುತ್ತಿದ್ದವರು ಪಿ. ಎಫ್. ಫೈಸನ್, ನೀಲಗಿರಿ ಮತ್ತು ಪಳನಿ ಬೆಟ್ಟಗಳ ನೆತ್ತಿಯ ಸಸ್ಯಗಳ ಕುರಿತು ಹೆಸರಾಂತ ಗ್ರಂಥ ರಚಿಸಿದ ವಿದ್ವಾಂಸರು. ಗುರುಗಳ ಬೆನ್ನಿಗೆ ಶಿಷ್ಯ ನೀಲಗಿರಿಯನ್ನೂ ಕೊಡೈಕೆನಾಲಿನ ಬೆಟ್ಟಗಳನ್ನೂ ಹತ್ತಿದರು. ಫೈಸನ್ನರ ಪತ್ನಿಯಿಂದ ಜಲವರ್ಣ ಚಿತ್ರಕಲೆಯನ್ನು ಕಲಿತರು. ಎಲೆಯೊಂದರ ಅಂಚು ನಯವೋ ಗರಗಸದಂತೆಯೋ ಎಂಬುದನ್ನು ಕುಂಚ ಹಿಡಿದವರು ಸರಿಯಾಗಿ ನೋಡಲೇಬೇಕು. ನೋಡದೆ ಬರೆದರೆ ಚಿತ್ರವೇ ತಪ್ಪನ್ನು ಹೊರಗೆಡಹುತ್ತದೆ. ಮುಂದೆ ಕ್ಯಾಮೆರಾ ಹಿಡಿದ ಕೈಗೆ ಈ ಅಭ್ಯಾಸ ಅಡಿಪಾಯವಾಯಿತು ಎಂದು ಅವರ ಚಿತ್ರಗಳನ್ನು ಕಂಡಾಗ ನಮಗೆ ಅನ್ನಿಸುತ್ತದೆ.

ಪರೀಕ್ಷೆಗಳಲ್ಲಿ ಮಾತ್ರ ಅವರು ಹೇಳಿಕೊಳ್ಳುವಂಥ ವಿದ್ಯಾರ್ಥಿಯಾಗಿರಲಿಲ್ಲ. 1931ರಲ್ಲಿ ಬಿ.ಎ. ಮುಗಿಯಿತು. ಅನಂತರ ಸಸ್ಯಶಾಸ್ತ್ರದಲ್ಲಿ ಎಂ.ಎ., ಅದರ ಮೇಲೆ ಕಾನೂನು ಪದವಿ. ಇಷ್ಟಾದರೂ ಸ್ಥಿರವಾದ ಉದ್ಯೋಗ ದೊರೆಯಲಿಲ್ಲ. ಸಣ್ಣಪುಟ್ಟ ಪತ್ರಿಕೆಗಳಿಗೆ ಲೇಖನ ಬರೆದು, ವ್ಯಂಗ್ಯಚಿತ್ರ ಬಿಡಿಸಿ ದಿನ ದೂಡಿದರು. ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ಮಗನ ಅಥವಾ ಮಗಳ ಭವಿಷ್ಯವನ್ನು ಅಳೆಯುವ ಪೋಷಕರು ಈ ಘಟ್ಟದಲ್ಲಿ ಒಂದು ಕ್ಷಣ ನಿಲ್ಲಬಹುದು. ಆ ಯುವಕನಲ್ಲಿ ಏನಿದೆಯೆಂಬುದನ್ನು ಹೇಳುವ ಪ್ರಶ್ನೆ ಆ ಪರೀಕ್ಷೆಗಳಲ್ಲಿ ಇರಲಿಲ್ಲ.

1942ರಲ್ಲಿ ಸಂಡೂರು ಸಂಸ್ಥಾನದಿಂದ ಕೆಲಸದ ಕರೆ ಬಂದಿತು. ಬಳ್ಳಾರಿ ಜಿಲ್ಲೆಯ ನಡುವೆ, ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿನ ಬೆಟ್ಟಗಳು ಸುತ್ತುವರಿದ ಪುಟ್ಟ ಸಂಸ್ಥಾನವದು. ಆಳುತ್ತಿದ್ದವರು ಘೋರ್ಪಡೆ ಮನೆತನದವರು. ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಇಂದು ಆಂಧ್ರಪ್ರದೇಶದಲ್ಲಿರುವ ಆದೋನಿ, ಆಲೂರು, ರಾಯದುರ್ಗಗಳೂ ಆಗ ಅದೇ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. 1953ರ ಅಕ್ಟೋಬರ್ 1ರಂದು ಅವು ಆಂಧ್ರಕ್ಕೆ ಸೇರಿ, ಬಳ್ಳಾರಿ, ಸಂಡೂರುಗಳು ಮೈಸೂರಿಗೆ ಬಂದವು. ಆದ್ದರಿಂದ ಆ ಸೀಮೆಯ ನಮ್ಮ ಓದುಗರ ಅಜ್ಜಂದಿರೂ ಕೃಷ್ಣನ್ನರೂ ಆಗ ನೆರೆಹೊರೆಯವರು.

ಸಂಡೂರಿನಲ್ಲಿ ಅವರು ಮಾಡದ ಕೆಲಸವಿಲ್ಲ. ಶಾಲೆಯಲ್ಲಿ ಪಾಠ ಹೇಳಿದರು, ನ್ಯಾಯಾಧೀಶರಾಗಿ ತೀರ್ಪು ಕೊಟ್ಟರು, ಪ್ರಚಾರಾಧಿಕಾರಿಯಾದರು, ಮಹಾರಾಜರ ರಾಜಕೀಯ ಕಾರ್ಯದರ್ಶಿಯೂ ಆದರು. ಕುರಿ ಮೇಯಿಸುವ ಪ್ರಯತ್ನವೂ ನಡೆಯಿತು. ಈ ಎಲ್ಲದರ ನಡುವೆ ಬೆಟ್ಟ, ಕಣಿವೆ, ಕುರುಚಲು ಕಾಡುಗಳಲ್ಲಿ ಅಲೆಯುವುದಕ್ಕೆ ಬೇಕಾದಷ್ಟು ಅವಕಾಶ ಸಿಕ್ಕಿತು. ದೊಡ್ಡ ಹುಲಿಯನ್ನೋ ಆನೆಯನ್ನೋ ಕಂಡಾಗ ಮಾತ್ರ ಕಾಡು ಕಂಡಂತೆ ಎಂಬ ಭಾವನೆ ಅವರಲ್ಲಿರಲಿಲ್ಲ. ಊರನಾಯಿ, ಮೇಕೆ, ಕಾಗೆ, ಹಲ್ಲಿ, ಅಳಿಲು, ಎಲ್ಲವೂ ಅವರ ಬರಹಕ್ಕೆ ವಸ್ತುವಾದವು.

ಆ ದಿನಗಳಲ್ಲಿ ಸಂಡೂರಿನ ರಾಜಕುಮಾರರು ಇನ್ನೂ ಬಾಲಕರು. ಅವರೇ ಮುಂದೆ ಕರ್ನಾಟಕದ ಹಣಕಾಸು ಸಚಿವರಾದ ಎಂ. ವೈ. ಘೋರ್ಪಡೆಯವರು; ರಾಜಕಾರಣದ ಜೊತೆಗೆ ಕಪ್ಪುಬಿಳುಪಿನ ವನ್ಯಜೀವಿ ಛಾಯಾಗ್ರಹಣದಲ್ಲಿಯೂ ಹೆಸರು ಮಾಡಿದವರು. ಒಂದು ಸಣ್ಣ ಸಂಸ್ಥಾನದ ಬೆಟ್ಟಗಳ ನಡುವೆ ಬಾಳಿದ ಇಬ್ಬರು ಇದೇ ಹವ್ಯಾಸದಲ್ಲಿ ಪ್ರಸಿದ್ಧರಾದರೆಂಬುದು ನೆನಪಿಡತಕ್ಕ ಸಂಗತಿ.

1949ರಲ್ಲಿ ಸಂಡೂರು ಭಾರತ ಒಕ್ಕೂಟದಲ್ಲಿ ವಿಲೀನವಾಯಿತು. ಸಂಸ್ಥಾನದ ನೌಕರರಿಗೆ ಸರಕಾರಿ ಕೆಲಸದ ದಾರಿಯಿತ್ತು. ಕೃಷ್ಣನ್ ಒಲ್ಲೆನೆಂದರು. ಆಗ ಅವರಿಗೆ ಮೂವತ್ತೇಳು ವರ್ಷ. ಪತ್ನಿ ಇಂದುಮತಿಯವರೊಡನೆ ಸಂಸಾರವಿತ್ತು. ತಿಂಗಳ ಸಂಬಳ, ನಿವೃತ್ತಿ ವೇತನ ಎರಡನ್ನೂ ಬಿಟ್ಟು ಅವರು ಮದರಾಸಿಗೆ ಮರಳಿದರು. ಬರಹ ಮತ್ತು ಛಾಯಾಚಿತ್ರಗಳಿಂದಲೇ ಬಾಳುವೆಂದು ನಿಶ್ಚಯಿಸಿದರು. ಪ್ರಕೃತಿಯ ಬಗ್ಗೆ ಬರೆಯುವವನಿಗೆ ಆ ಕಾಲದಲ್ಲಿ ದೊಡ್ಡ ಆದಾಯವೇನೂ ಇರಲಿಲ್ಲ. ಈ ನಿರ್ಧಾರದ ಭಾರವನ್ನು ಮನೆಮಂದಿಯೂ ಹೊತ್ತಿರಬೇಕು. ಇಂಥ ಹೆಜ್ಜೆಯನ್ನು ಎಲ್ಲರೂ ಇಡಲೆಂದು ನಾವು ಹೇಳುವುದಿಲ್ಲ. ಆದರೆ ಬಿಡುವಿನ ವೇಳೆಯ ಒಲವೊಂದು ಮನುಷ್ಯನ ಇಡೀ ಬದುಕನ್ನು ತುಂಬಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

1950ರಲ್ಲಿ ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಯಲ್ಲಿ ಅವರ ಅಂಕಣ ಆರಂಭವಾಯಿತು. ಹದಿನೈದು ದಿನಕ್ಕೊಮ್ಮೆಯಂತೆ 46 ವರ್ಷಗಳ ಕಾಲ ಅದು ನಡೆದುಬಂದಿತು. ಅಂಕಣಕ್ಕೆ ಬೇಕಾದ ರೇಖಾಚಿತ್ರಗಳನ್ನೂ ಛಾಯಾಚಿತ್ರಗಳನ್ನೂ ಅವರೇ ಒದಗಿಸುತ್ತಿದ್ದರು.

ಇನ್ನು ಅವರ ಕ್ಯಾಮೆರಾದ ವಿಷಯ. ಕೂನೂರಿನ ವಕೀಲರೂ ನೀಲಗಿರಿಯ ಆನೆದಾರಿಗಳ ಅಧ್ಯಯನಕ್ಕೆ ಹೆಸರಾದವರೂ ಆದ ಇ. ಆರ್. ಸಿ. ದಾವಿದಾರ್ ಅದನ್ನು ಕಂಡವರು. ಅವರು ಬರೆದಿಟ್ಟಿರುವಂತೆ ಅದೊಂದು ಜೋಡಣೆಯ ಯಂತ್ರ: ಒಡಲು ಒಂದು ಕಂಪನಿಯದು, ದೂರದೃಶ್ಯದ ಮಸೂರ ಇನ್ನೊಂದರದು, ಉಳಿದ ಬಿಡಿಭಾಗಗಳು ಮತ್ತೆಲ್ಲಿಯವೋ. ಕೃಷ್ಣನ್ ಅದಕ್ಕೆ ಸೂಪರ್ ಪಾಂಡರೋಸಾ ಎಂದು ಹೆಸರಿಟ್ಟಿದ್ದರು. ಇಂಗ್ಲಿಷಿನಲ್ಲಿ ಭಾರವನ್ನು ಸೂಚಿಸುವ ಮಾತಿನಿಂದ ಹುಟ್ಟಿದಂತಿರುವ ತಮಾಷೆಯ ಹೆಸರು. ಅಂಥ ಸಲಕರಣೆಯಿಂದ ಅವರು ಪಡೆದ ಚಿತ್ರಗಳನ್ನು ಕಂಡು ದಾವಿದಾರ್ ಬೆರಗಾಗಿದ್ದರು.

ಆ ಕಾಲದ ಛಾಯಾಗ್ರಾಹಕನ ಕಷ್ಟವನ್ನು ಇಂದಿನ ಮಕ್ಕಳಿಗೆ ಸ್ವಲ್ಪ ವಿವರಿಸಬೇಕು. ದೊಡ್ಡ ಅಳತೆಯ ಫಿಲ್ಮ್ ಸುರುಳಿಯಲ್ಲಿ ಚೌಕಾಕಾರದ ಚಿತ್ರಗಳು ಬರುತ್ತಿದ್ದದ್ದು 12. ಸಣ್ಣ ಅಳತೆಯದರಲ್ಲಿ ಹೆಚ್ಚೆಂದರೆ 36. ಒಂದೊಂದು ಚಿತ್ರಕ್ಕೂ ಹಣ ತೆರಬೇಕು. ತೆಗೆದ ಚಿತ್ರ ಹೇಗೆ ಬಂದಿದೆಯೆಂದು ಅಲ್ಲಿಯೇ ನೋಡುವಂತಿಲ್ಲ. ಕಾಡಿನಿಂದ ಮರಳಿ, ಕತ್ತಲೆಕೋಣೆಯಲ್ಲಿ ಫಿಲ್ಮನ್ನು ರಾಸಾಯನಿಕದಲ್ಲಿ ತೊಳೆದ ಮೇಲೆಯೇ ತಿಳಿಯುವುದು. ಬೆಳಕಿನ ಅಂದಾಜು ತಪ್ಪಿದ್ದರೆ ವಾರಗಳ ಅಲೆದಾಟವೆಲ್ಲ ಮಸಿಯಾಗುತ್ತಿತ್ತು.

ಆನೆಯ ಚಿತ್ರವಂತೂ ಇನ್ನೂ ಕಠಿಣ. ಕಪ್ಪುಮೈಯ ಪ್ರಾಣಿ ಮರದ ನೆರಳಿನಲ್ಲಿ ನಿಂತಿರುತ್ತದೆ. ಹಿನ್ನೆಲೆಯಲ್ಲಿ ಬಿಸಿಲು ಕಣ್ಣು ಕುಕ್ಕುತ್ತದೆ. ನೆರಳಿನಲ್ಲಿ ಸಾಕಷ್ಟು ಬೆಳಕನ್ನು ಒಳಗೆ ಬಿಡಬೇಕಾದರೆ ಷಟರ್ ಹೆಚ್ಚು ಹೊತ್ತು ತೆರೆದಿರಬೇಕು. ಆ ಹೊತ್ತಿನಲ್ಲಿ ಕೈ ಅಲುಗಿದರೆ ಚಿತ್ರ ಮಬ್ಬಾಗುತ್ತದೆ. ಮಸೂರ ಉದ್ದವಾದಷ್ಟೂ ಅಲುಗಾಟ ಹೆಚ್ಚಾಗಿ ಕಾಣುತ್ತದೆ. ಕೃಷ್ಣನ್ ಕಾಡಿನಲ್ಲಿ ಕಾಲ್ನಡಿಗೆಯಲ್ಲಿ ತಿರುಗಿದ್ದಲ್ಲದೆ, ಮುದುಮಲೆಯಂಥ ಕಡೆಗಳಲ್ಲಿ ಸಾಕಾನೆಯ ಬೆನ್ನೇರಿಯೂ ಕಾಡಾನೆಗಳನ್ನು ಸಮೀಪಿಸಿದರು. ಸಾಕಾನೆ ಎಷ್ಟೇ ಅಲುಗದೆ ನಿಂತರೂ ಅದರ ಉಸಿರಾಟಕ್ಕೆ ಬೆನ್ನು ಏರಿಳಿಯುತ್ತದೆ. ಮೇಲೆ ಕುಳಿತವನ ಕ್ಯಾಮೆರಾವೂ ಅದರೊಡನೆ ಏರಿಳಿಯುತ್ತದೆ. ಇಷ್ಟೆಲ್ಲ ಅಡ್ಡಿಗಳ ನಡುವೆ ಬೆಳಕು, ಪ್ರಾಣಿಯ ಭಂಗಿ, ಗಾಳಿಯ ದಿಕ್ಕು ಮೂರೂ ಕೂಡಿಬರುವ ಗಳಿಗೆಗಾಗಿ ಕಾಯಬೇಕು.

ಬಣ್ಣದ ಫಿಲ್ಮು ಎಲ್ಲೆಡೆ ಬಳಕೆಗೆ ಬಂದ ಮೇಲೂ ಕೃಷ್ಣನ್ ಕಪ್ಪುಬಿಳುಪನ್ನು ಬಿಡಲಿಲ್ಲ. ಬಣ್ಣವಿಲ್ಲದ ಚಿತ್ರದಲ್ಲಿ ಕಣ್ಣಿಗೆ ಮೊದಲು ಬೀಳುವುದು ಆಕಾರ ಮತ್ತು ಮೈಯ ನೇಯ್ಗೆ: ಆನೆಯ ಚರ್ಮದ ಸುಕ್ಕು, ಕಾಟಿಯ ಭುಜದ ಉಬ್ಬು, ಒಣಹುಲ್ಲಿನ ನಡುವೆ ಜಿಂಕೆಯ ಮೈಚುಕ್ಕೆ. ಅವರ ಅನೇಕ ಚಿತ್ರಗಳಲ್ಲಿ ಪ್ರಾಣಿ ಚೌಕಟ್ಟನ್ನು ತುಂಬಿರುವುದಿಲ್ಲ. ಅದು ಬಾಳುವ ಕಾಡೂ ಜೊತೆಗಿರುತ್ತದೆ. ಅದು ಯಾವ ಮರದ ಕೆಳಗೆ ನಿಂತಿದೆ, ಏನನ್ನು ಮೇಯುತ್ತಿದೆ, ಮರಿ ತಾಯಿಯ ಯಾವ ಪಕ್ಕದಲ್ಲಿದೆ ಎಂಬುದನ್ನು ನೋಡುಗ ಓದಿಕೊಳ್ಳಬಹುದು.

ಈ ಓದಿಗೆ ವಿಜ್ಞಾನದಲ್ಲಿಯೂ ಬೆಲೆಯಿತ್ತು. ದಂತದ ಬಾಗು, ಕಿವಿಯ ಅಂಚಿನ ಹರಕು, ಬಾಲದ ಕೂದಲು ಇವುಗಳಿಂದ ಒಂದು ಆನೆಯನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸಬಹುದು. ಒಳ್ಳೆಯ ಛಾಯಾಚಿತ್ರ ಈ ಗುರುತುಗಳನ್ನು ವರ್ಷಗಳ ಕಾಲ ಕಾಪಾಡುತ್ತದೆ. 1968ರಲ್ಲಿ ಕೃಷ್ಣನ್ನರಿಗೆ ಜವಾಹರಲಾಲ್ ನೆಹರೂ ಫೆಲೋಶಿಪ್ ದೊರೆಯಿತು. ಅದರ ಬೆಂಬಲದಿಂದ ಅವರು ದಕ್ಷಿಣ ಭಾರತದ ಪರ್ಯಾಯದ್ವೀಪದ ಸಸ್ತನಿಗಳ ಸಮೀಕ್ಷೆಯನ್ನು ಕೈಗೊಂಡರು. ಅದರ ಫಲಿತಾಂಶವನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ತನ್ನ ಪತ್ರಿಕೆಯಲ್ಲಿಯೂ ಬಳಿಕ ಗ್ರಂಥರೂಪದಲ್ಲಿಯೂ ಪ್ರಕಟಿಸಿತು. ಕಾಲೇಜಿನ ಪರೀಕ್ಷೆಗಳಲ್ಲಿ ಹಿಂದುಳಿದಿದ್ದವರ ಟಿಪ್ಪಣಿಗಳನ್ನೂ ಚಿತ್ರಗಳನ್ನೂ ವಿದ್ವಾಂಸರು ಆಧಾರವಾಗಿ ಸ್ವೀಕರಿಸಿದರು.

ದೇಶದ ವನ್ಯಜೀವಿ ನೀತಿಯನ್ನು ರೂಪಿಸುವ ಸಮಿತಿಗಳಲ್ಲಿ ಅವರು ಸದಸ್ಯರಾಗಿದ್ದರು. ಹುಲಿ ಯೋಜನೆಯ ಮಾರ್ಗದರ್ಶಕ ಸಮಿತಿಯಲ್ಲಿಯೂ ಇದ್ದರು. ಆ ಯೋಜನೆಯ ಮೊದಲ ಒಂಬತ್ತು ರಕ್ಷಿತಾರಣ್ಯಗಳಲ್ಲಿ ಬಂಡೀಪುರ ಒಂದು. ನಾಡಿಗೆ ಹೊರಗಿನಿಂದ ಬಂದ ಮರಗಳನ್ನು ತಂದು ನೆಡುವುದನ್ನು ಅವರು ಬಲವಾಗಿ ವಿರೋಧಿಸಿದರು. ನೀಲಗಿರಿಯಲ್ಲಿ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳ ಜಾಗದಲ್ಲಿ ನೀಲಗಿರಿ ಮರ, ವ್ಯಾಟಲ್ ತೋಪುಗಳೆದ್ದಿರುವುದನ್ನು ದಿನವೂ ಕಾಣುವ ನಮ್ಮವರಿಗೆ ಆ ವಿರೋಧದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಡನ್ನು ಅದರ ಪಾಡಿಗೆ ಬಿಡಬೇಕು, ಮನುಷ್ಯನ ಕೈ ಅಲ್ಲಿ ಆದಷ್ಟು ಕಡಿಮೆ ಆಡಬೇಕು ಎಂಬುದು ಅವರ ನಿಲುವು. ಮಾತಿನಲ್ಲಿ ನಿಷ್ಠುರರಾಗಿದ್ದ ಅವರು ಒಪ್ಪದ್ದನ್ನು ಒಪ್ಪಿದಂತೆ ನಟಿಸಲಿಲ್ಲ. ಕೇಂದ್ರ ಸರಕಾರ ಪದ್ಮಶ್ರೀ ನೀಡಿ ಗೌರವಿಸಿತು.

ಅವರ ಬದುಕಿನಲ್ಲಿ ಗಡಿನಾಡಿನ ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸುವ ಇನ್ನೊಂದು ಸಂಗತಿಯಿದೆ. ಇಂಗ್ಲಿಷಿನಲ್ಲಿ ಇಷ್ಟು ಬರೆದವರು ತಾಯ್ನುಡಿಯನ್ನು ಬದಿಗೆ ಸರಿಸಲಿಲ್ಲ. ಹಳೆಯ ತಮಿಳು ಕಾವ್ಯದಲ್ಲಿ ಅವರಿಗೆ ಆಳವಾದ ಪರಿಚಯವಿತ್ತು. ಪ್ರಾಚೀನ ಕವಿಗಳು ಹೆಸರಿಸಿದ ಗಿಡ, ಹಕ್ಕಿ, ಮೃಗಗಳನ್ನು ತಾವು ಕಂಡವುಗಳೊಡನೆ ಹೋಲಿಸಿ ನೋಡುತ್ತಿದ್ದರು. ತಮಿಳಿನಲ್ಲಿಯೂ ನಿಸರ್ಗದ ಕುರಿತು ಬರೆದರು. ಕಲಿತವರು ಪರದೇಶದ ಹೂಹಕ್ಕಿಗಳ ಹೆಸರನ್ನು ಪುಸ್ತಕದಿಂದ ಬಲ್ಲವರಾಗಿ, ತಮ್ಮ ಊರಿನವನ್ನು ಗುರುತಿಸಲಾರದವರಾಗಿರುವುದು ಅವರಿಗೆ ಸಂಕಟದ ವಿಷಯವಾಗಿತ್ತು. ಗೀಜಗ, ಕೆಂಬೂತ, ಮಿಂಚುಳ್ಳಿ, ಮರಕುಟಿಗ, ಬೆಳವ ಎಂಬ ಹೆಸರುಗಳು ಕನ್ನಡ ಶಾಲೆಗೆ ಹೋಗುವ ನಮ್ಮ ಮಗುವಿಗೆ ಅಜ್ಜಿಯ ಬಾಯಿಂದಲೇ ಬಂದಿರುತ್ತವೆ. ಹಕ್ಕಿಯನ್ನು ಕಂಡೊಡನೆ ಹೆಸರು ನಾಲಿಗೆಗೆ ಬರುವ ಮಗು ಅರ್ಧ ದಾರಿಯನ್ನು ಆಗಲೇ ನಡೆದಿದೆ.

1996ರ ಫೆಬ್ರುವರಿ 18ರಂದು, ತಮ್ಮ ಎಂಬತ್ತಮೂರನೆಯ ವಯಸ್ಸಿನಲ್ಲಿ, ಕೃಷ್ಣನ್ ಮದರಾಸಿನಲ್ಲಿ ನಿಧನರಾದರು. ಅವರ ಕೊನೆಯ ಅಂಕಣ ಪ್ರಕಟವಾದದ್ದೂ ಅದೇ ದಿನ. ಹತ್ತು ವರ್ಷಗಳ ಬಳಿಕ, 2006ರಲ್ಲಿ, ಆಯ್ದ ಛಾಯಾಚಿತ್ರಗಳೂ ಬರಹಗಳೂ ಒಂದು ದೊಡ್ಡ ಗ್ರಂಥವಾಗಿ ಹೊರಬಂದವು. ಅದನ್ನು ಸಿದ್ಧಗೊಳಿಸಿದವರಲ್ಲಿ ಬೆಂಗಳೂರಿನ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕ ಟಿ. ಎನ್. ಎ. ಪೆರುಮಾಳರೂ ಒಬ್ಬರು.

ಕೃಷ್ಣನ್ ತೀರಿಕೊಂಡ ಮೇಲೆ ಕೆಲವೇ ವರ್ಷಗಳಲ್ಲಿ ಡಿಜಿಟಲ್ ಕ್ಯಾಮೆರಾ ಮನೆಮನೆಗೆ ಬಂದಿತು. ಫಿಲ್ಮಿನ ಖರ್ಚು ಹೋಯಿತು, ಕತ್ತಲೆಕೋಣೆ ಹೋಯಿತು. ಚಿತ್ರ ತೆಗೆದ ಕ್ಷಣದಲ್ಲಿಯೇ ನೋಡಬಹುದು, ತಪ್ಪಿದ್ದರೆ ಅಳಿಸಿ ಮತ್ತೆ ತೆಗೆಯಬಹುದು. ದಿನಾಂಕ, ಹೊತ್ತು, ಷಟರಿನ ವೇಗ ಎಲ್ಲವನ್ನೂ ಯಂತ್ರವೇ ಚಿತ್ರದೊಳಗೆ ಬರೆದಿಡುತ್ತದೆ. ಬಡ ಕುಟುಂಬದ ಮಗುವೂ ಅಪ್ಪನ ಮೊಬೈಲಿನಲ್ಲಿ ಬೇಲಿಯ ಮೇಲಿನ ಓತಿಕ್ಯಾತವನ್ನು ಸೆರೆಹಿಡಿಯಬಲ್ಲದು. ಕೃಷ್ಣನ್ನರ ಯೌವನದಲ್ಲಿ ಇಂಥ ಸೌಲಭ್ಯವನ್ನು ಕನಸಿನಲ್ಲಿಯೂ ಎಣಿಸುವಂತಿರಲಿಲ್ಲ. ಆದರೆ ಆ ಓತಿಕ್ಯಾತ ತಲೆಯನ್ನೇಕೆ ಮೇಲೆ ಕೆಳಗೆ ಆಡಿಸಿತು, ಕತ್ತಿನ ಬಣ್ಣ ಯಾವಾಗ ಕೆಂಪೇರಿತು ಎಂಬುದನ್ನು ಯಂತ್ರ ಬರೆದಿಡುವುದಿಲ್ಲ. ಅದನ್ನು ಕಂಡವರೇ ಬರೆಯಬೇಕು.

ಬರುವ ರಜೆಯಲ್ಲಿ ನಮ್ಮ ಮಕ್ಕಳು ಹೀಗೊಂದು ಪ್ರಯತ್ನ ಮಾಡಲೆಂದು ನಾವು ಕೋರುತ್ತೇವೆ. ಊರಿನ ಒಂದು ಕೆರೆ, ಒಂದು ಆಲದ ಮರ ಅಥವಾ ಗದ್ದೆಯ ಬದುವನ್ನು ಆರಿಸಿಕೊಳ್ಳಲಿ. ವಾರಕ್ಕೆರಡು ಸಲ, ಬೆಳಗಿನ ಎಳೆಬಿಸಿಲಿನಲ್ಲಿ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಅಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಲಿ. ಒಂದು ಸಲಕ್ಕೆ 12 ಚಿತ್ರ ಮಾತ್ರವೆಂದು ತಮಗೆ ತಾವೇ ಮಿತಿ ಹಾಕಿಕೊಳ್ಳಲಿ. ಆಗ ಗುಂಡಿಯೊತ್ತುವ ಮುಂಚೆ ನೋಡುವ ಅಭ್ಯಾಸ ತಾನಾಗಿ ಬರುತ್ತದೆ. ಮನೆಗೆ ಬಂದು ಪ್ರತಿ ಚಿತ್ರಕ್ಕೂ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಕನ್ನಡದಲ್ಲಿ ಬರೆಯಲಿ. ಹೆಸರು ತಿಳಿಯದಿದ್ದರೆ ಅಜ್ಜ ಅಜ್ಜಿಯರನ್ನು, ದನ ಮೇಯಿಸುವವರನ್ನು, ಶಾಲೆಯ ಮೇಷ್ಟ್ರನ್ನು ಕೇಳಲಿ.

ಪೋಷಕರಿಗೂ ಒಂದು ಮಾತು. ಗೂಡಿನ ಬಳಿಗೆ ಹೋಗಿ ಚಿತ್ರ ತೆಗೆಯಲು ಮಕ್ಕಳನ್ನು ಬಿಡಬೇಡಿ. ಹೆದರಿದ ತಾಯಿಹಕ್ಕಿ ಗೂಡನ್ನೇ ತೊರೆಯಬಹುದು. ಬಂಡೀಪುರ, ಮುದುಮಲೆಯ ರಸ್ತೆಗಳಲ್ಲಿ ವಾಹನ ನಿಲ್ಲಿಸುವುದು ನಿಷಿದ್ಧ. ಆನೆಯ ಎದುರು ಇಳಿದು ಮೊಬೈಲು ಹಿಡಿಯುವುದನ್ನು ಮಗು ನಿಮ್ಮಿಂದಲೇ ಕಲಿಯಬಾರದು. ಸಾಕಾನೆಯ ಬೆನ್ನ ಮೇಲೆ, ಮಾವುತನೊಡನೆ, ಆನೆಯ ನಡೆಯನ್ನು ಬಲ್ಲ ಮನುಷ್ಯ ಸಾಧಿಸಿದ್ದನ್ನು ಕಾರಿನಿಂದಿಳಿದು ಸಾಧಿಸಲಾಗದು.

ಕೃಷ್ಣನ್ ಕಂಡ ಹಿಂಡುಗಳ ಸಂತತಿ ಇಂದಿಗೂ ಮೋಯಾರಿನ ಕಣಿವೆಯಲ್ಲಿ ನೀರಿಗೆ ಇಳಿಯುತ್ತಿದೆ, ಎಲ್ಲೆಯ ಫಲಕಗಳನ್ನು ದಾಟಿ ಆಚೀಚೆ ನಡೆದಾಡುತ್ತಿದೆ. ತಾಳವಾಡಿಯಲ್ಲೋ ಮಸಿನಗುಡಿಯಲ್ಲೋ ಬತ್ತೇರಿಯಲ್ಲೋ ಇರುವ ಕನ್ನಡ ಶಾಲೆಯ ಮಗುವೊಂದು ಆ ಕಾಡಂಚಿನ ಒಂದು ಕೆರೆಯ ಹಕ್ಕಿಗಳನ್ನು ವರ್ಷವಿಡೀ ಚಿತ್ರಿಸಿ, ಕನ್ನಡದಲ್ಲಿ ಬರೆದಿಟ್ಟರೆ, ಅದು ಆ ಊರಿನ ಮಟ್ಟಿಗೆ ಬೆಲೆಬಾಳುವ ದಾಖಲೆಯಾಗುತ್ತದೆ. ಅಂಥ ನೋಟ್‌ಬುಕ್ಕು ಯಾವ ಮನೆಯಲ್ಲಿಯಾದರೂ ತುಂಬಿದ ದಿನ ಅದನ್ನು ಓದಲು ನಾವು ಕಾದಿರುತ್ತೇವೆ.